ಹೆಬ್ಬೆರಳ ಗುರುತು

ಊರು ಕಳಿಸಿದ ಕೊಳಚೆ ನೀರೆಲ್ಲ ಬಂದು ಸೇರುವ ಜಾಗದಲ್ಲಿ ಒಂದು ಪುಟ್ಟ ಲ್ಯಾಬ್ ಇತ್ತು. ಅಲ್ಲಿ ಕೆಲಸ ಮಾಡುವವಳನ್ನು ಎಲ್ಲರೂ ಲ್ಯಾಬಕ್ಕ ಅನ್ನುತ್ತಿದ್ದರು. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಸಂಬಂಧ ಕೇಳಿಕೊಂಡು ಬಂದವರು ಏನು ಕೆಲಸ ಅಂತ ವಿಚಾರಿಸುತ್ತಿದ್ದರು, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು, ಅವರು ಚಹಾ ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತಿದ್ದರು. "ಒಂದು ಸುಳ್ಳು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದು ಅಮ್ಮ ಆಮೇಲೆ ಸಿಡುಕುತ್ತಿದ್ದಳು. ಆದರೆ ಸುಳ್ಳು ಮಗಳ ಜಾಯಮಾನದಲ್ಲೇ ಇರಲಿಲ್ಲ.

ನೀರು ತಿಳಿಯಾದ ಮೇಲೆ ತಳದಲ್ಲಿ ಉಳಿಯುವ ಕೆಸರಿನದೇ ಅವಳ ಕೆಲಸ. ಆ ಕೆಸರು ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಮಹಾ ಜಿಪುಣ. ಪಾಲಿಮರ್ ಎಂಬ ಲೋಳೆಯಂಥ ದ್ರಾವಣ ಬೆರೆಸಿದರೆ ಮಾತ್ರ ಗಂಟುಗಂಟಾಗಿ ಕೂಡಿಕೊಂಡು ನೀರನ್ನು ಬೇರೆ ಮಾಡುತ್ತದೆ. ಆಮೇಲೆ ಅದನ್ನು ಪಕ್ಕದ ಶೆಡ್ಡಿನ ಪ್ರೆಸ್ಸಿನಲ್ಲಿ ಎರಡು ಬೆಲ್ಟುಗಳ ನಡುವೆ ಹಿಂಡುತ್ತಾರೆ. ಹಿಂಡಿದ ಮೇಲೆ ಉಳಿಯುವ ಮುದ್ದೆಗೆ ಅಲ್ಲಿ ಕೇಕ್ ಅನ್ನುತ್ತಾರೆ. ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅಂತೂ ಆ ಹೆಸರು ಕೇಳಿದಂದಿನಿಂದ ಅವಳ ಅಮ್ಮ ಬೇಕರಿ ಕಡೆ ತಲೆ ಹಾಕಿಲ್ಲ.

ದಿನಾ ಬೆಳಗ್ಗೆ ಆ ಕೇಕಿನ ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿ ತರುತ್ತಿದ್ದವನು ಪ್ರೆಸ್ ನಡೆಸುವ ಮೇಸ್ತ್ರಿ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಾತು ಕಡಿಮೆ. ಕೇಕ್ ಬೆಲ್ಟಿನಿಂದ ಬಿದ್ದ ಕೂಡಲೇ ಹೆಬ್ಬೆರಳು ಒತ್ತಿ ನೋಡುವುದು ಅವನ ಅಭ್ಯಾಸ. ನೀರು ಜಿನುಗದಿದ್ದರೆ ಸೈ. ಹಾಗಾಗಿ ಡಬ್ಬಿಯ ತುಂಡಿನ ಮೇಲೆ ಯಾವಾಗಲೂ ಒಂದು ಹೆಬ್ಬೆರಳ ಗುರುತು ಇರುತ್ತಿತ್ತು. ಅವಳು ಅದನ್ನು ಪುಡಿಮಾಡಿ, ತೂಗಿ, ಓವನ್ನಿನಲ್ಲಿಟ್ಟು ಒಣಗಿಸಿ ಮತ್ತೆ ತೂಗಬೇಕು. ಪುಡಿಮಾಡುವ ಮೊದಲು ಆ ಗುರುತನ್ನು ಒಂದು ಗಳಿಗೆ ನೋಡಿಯೇ ನೋಡುತ್ತಿದ್ದಳು.

"ಹೇಗಿದೆ ಮೇಡಂ?"

"ನಾಳೆ ಹೇಳ್ತೀನಿ."

ಅವರ ಮಾತುಕತೆ ಇಷ್ಟೇ. ಒಣಗಲು ಒಂದು ದಿನ ಬೇಕಲ್ಲ. ಆ 'ನಾಳೆ'ಯ ಆಸೆಗೇ ಅವಳು ಬದುಕುತ್ತಿದ್ದಳು ಅಂದರೆ ಹೆಚ್ಚು ಹೇಳಿದ ಹಾಗಲ್ಲ. ರಜೆಯ ದಿನ ಮನೆಯಲ್ಲಿ ಕೂತರೂ ಆ ಡಬ್ಬಿಯ ಮುಚ್ಚಳದ ಸದ್ದಿಗೇ ಕಿವಿ ಕಾದಿರುತ್ತಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ಧೈರ್ಯ ಸಾಲಲಿಲ್ಲ.

ಹೀಗಿರುವಾಗ ಒಂದು ದಿನ ಎಂಜಿನಿಯರ್ ಬಂದರು. ಕೇಕ್ ಒದ್ದೆಯಿದೆ ಎಂದು ಅದನ್ನು ಸುರಿಯುವ ಜಾಗದವರು ಲಾರಿಯನ್ನೇ ವಾಪಸ್ಸು ಕಳಿಸುತ್ತಿದ್ದರಂತೆ.

"ಹೊಸ ಪಾಲಿಮರ್ ತರಿಸಿದ್ದೀನಿ ಅಕ್ಕ. ಟೆಸ್ಟ್ ಮಾಡಿ ನೋಡಿ. ಇದರಲ್ಲೂ ಒಣಗ್ಲಿಲ್ಲ ಅಂದ್ರೆ ಪ್ರೆಸ್ ಕಿತ್ತು ಹೊಸ ಯಂತ್ರ ಹಾಕ್ತೀವಿ."

"ಮೇಸ್ತ್ರಿ?"

"ಅವ್ರನ್ನ ಬೇರೆ ಊರಿನ ಘಟಕಕ್ಕೆ ಕಳಿಸ್ತೀವಿ. ಅಲ್ಲಿನ್ನೂ ಹಳೇ ಪ್ರೆಸ್ಸೇ ಇದೆ."

ಅವಳು ಹೊಸ ಪಾಲಿಮರ್ ಬಾಟಲಿಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು.

ಮರುದಿನ ಮೇಸ್ತ್ರಿ ತಾನೇ ಬಕೆಟ್ಟಿನಲ್ಲಿ ಹಸಿ ಕೆಸರು ತಂದಿಟ್ಟು, ಹೋಗದೆ ಬಾಗಿಲ ಬಳಿ ನಿಂತ. ಅವಳು ಕೆಸರಿಗೆ ಪಾಲಿಮರ್ ಹಾಕಿ ಒಂದು ಬೀಕರಿನಿಂದ ಇನ್ನೊಂದಕ್ಕೆ ಸುರಿದಳು, ಮತ್ತೆ ಇದಕ್ಕೆ ಸುರಿದಳು. ದಪ್ಪ ದಪ್ಪ ಗಂಟುಗಳು ಕೂಡಿಕೊಂಡವು. ಪ್ರೆಸ್ಸಿನ ಬೆಲ್ಟಿನದೇ ಒಂದು ತುಂಡು ಬಟ್ಟೆಯ ಮೇಲೆ ಹಾಕಿದಾಗ ತಿಳಿನೀರು ಸರಸರನೆ ಇಳಿಯಿತು. ಹಿಂಡಿ ಒಣಗಿಸಿ ಮರುದಿನ ತೂಗಿದರೆ ನೀರಿನ ಅಂಶ ಬೇಕಾದಷ್ಟು ಕಡಿಮೆ ಬಂದಿತ್ತು! ಅವಳಿಗೆ ಕುಣಿದಾಡುವಷ್ಟು ಸಂತೋಷವಾಯಿತು.

ಆದರೆ ಯಾವ ಪರೀಕ್ಷೆಯನ್ನೂ ಎರಡು ಸಲ ಮಾಡಬೇಕೆಂಬುದು ಲ್ಯಾಬಿನ ನಿಯಮ. ಎರಡನೆಯ ಸಲ ಎಂಜಿನಿಯರ್ ಪಕ್ಕದಲ್ಲೇ ನಿಂತು ಅದೂ ಇದೂ ಹರಟುತ್ತಿದ್ದರು. ಅವರಿಗೆ ಹೂಂಗುಟ್ಟುತ್ತಾ ಅವಳು ಸುರಿದಳು. ಗಂಟುಗಳು ಒಡೆದು ಹೋದವು, ಬೂದು ಬಣ್ಣದ ನೀರು ಬಟ್ಟೆಯ ಮೇಲೇ ನಿಂತಿತು. ಅವರು ಹೋದ ಮೇಲೆ ಇನ್ನೊಮ್ಮೆ ಮಾಡಿದಳು. ಮತ್ತೆ ದಪ್ಪ ಗಂಟು, ತಿಳಿನೀರು!

ಕೆಸರು ಅದೇ, ಪಾಲಿಮರ್ ಅದೇ, ಅಳತೆಯೂ ಅದೇ. ಬೇರೆಯಾಗಿದ್ದು ಯಾವುದು? ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಪ್ರೆಸ್ಸಿನ ಪಂಪು ಕೆಸರನ್ನು ದಬದಬನೆ ಜಾಡಿಸಿ ನೂಕುತ್ತದೆ. ಅದಕ್ಕೇ ಲ್ಯಾಬಿನಲ್ಲೂ ಎತ್ತರದಿಂದ ಸುರಿಯಬೇಕು. ಎಷ್ಟೋ ವರ್ಷದಿಂದ ಹಾಗೆಯೇ ಸುರಿದ ಕೈ ಅದು, ಹರಟೆಯ ನಡುವೆಯೂ ಹಾಗೆಯೇ ಸುರಿದಿತ್ತು. ಉಳಿದೆರಡು ಸಲ ಮಾತ್ರ ಬೀಕರಿನ ಬಾಯಿಗೆ ಬೀಕರಿನ ಬಾಯಿ ತಾಗಿಸಿ, ಮಗುವಿಗೆ ಹಾಲು ಕುಡಿಸುವ ಹಾಗೆ ಮೆಲ್ಲಗೆ ಇಳಿಸಿತ್ತು. ನಾಲಿಗೆ ಒಂದು ದಿನವೂ ಹೇಳದ ಸುಳ್ಳನ್ನು ಕೈ ಅವಳಿಗೇ ತಿಳಿಯದಂತೆ ಹೇಳಿತ್ತು. ಅವಳು ಸ್ಟೂಲಿನ ಮೇಲೆ ಕೂತು ಅತ್ತಳು. ತಪ್ಪಿಗಾಗಿ ಅಲ್ಲ, ಆ ತಪ್ಪನ್ನು ತನ್ನ ಕೈಯಿಂದಲೇ ತಿದ್ದಬೇಕಲ್ಲ ಎಂದು.

ಕಣ್ಣೊರೆಸಿಕೊಂಡು ಎದ್ದಳು. ಎತ್ತರದಿಂದ ಸುರಿದಳು, ಎರಡೆರಡು ಸಲ ಸುರಿದಳು. ಎರಡು ಸಲವೂ ಗಂಟುಗಳು ಒಡೆದವು. ಬಂದದ್ದನ್ನು ಬಂದ ಹಾಗೆ ಎಂಜಿನಿಯರಿಗೆ ಹೇಳಿದಳು.

"ಮೊದಲ್ನೇದು ತಪ್ಪು ಸರ್. ನನ್ ಕೈ ಸರಿ ಇರ್ಲಿಲ್ಲ."

ಪ್ರೆಸ್ ನಿಂತಿತು. ಹೊರಡುವ ದಿನ ಮೇಸ್ತ್ರಿ ಕೊನೆಯ ಕೇಕ್ ಹಿಡಿದು ಬಂದ. ಡಬ್ಬಿಯನ್ನು ಮೇಜಿನ ಮೇಲಿಟ್ಟ. ಹೇಗಿದೆ ಮೇಡಂ ಅಂತ ಕೇಳಲಿಲ್ಲ.

"ನನ್ನಿಂದಾನೇ ನೀವು ಹೋಗೋ ಹಾಗಾಯ್ತು," ಅಂದಳು ಅವಳು.

"ಮೊದಲ್ನೇ ಟೆಸ್ಟ್ ದಿನ ನಾನು ಇಲ್ಲೇ ನಿಂತಿದ್ದೆ ಮೇಡಂ. ನೀವು ಸುರಿಯೋದನ್ನ ನೋಡಿದೆ. ಅಷ್ಟು ಮೆಲ್ಲಗೆ ಸುರಿದ್ರೆ ಆಗಲ್ಲ ಅಂತ ಆಗ್ಲೇ ಗೊತ್ತಾಯ್ತು ನಂಗೆ."

"ಮತ್ತೆ ಹೇಳ್ಬೇಕಾಗಿತ್ತು ಅಲ್ವಾ?"

ಅವನು ತಲೆ ತಗ್ಗಿಸಿದ. "ನೀವು ಯಾಕೆ ಮೆಲ್ಲಗೆ ಸುರಿದ್ರೋ, ನಾನೂ ಅದಕ್ಕೇ ಹೇಳ್ಲಿಲ್ಲ."

ಹೊರಗೆ ಅವನನ್ನು ಕರೆದೊಯ್ಯಲು ಬಂದ ವ್ಯಾನಿನವನು ಹಾರ್ನ್ ಬಾರಿಸಿದ. ಇಷ್ಟು ವರ್ಷ ಗಂಟಲಲ್ಲೇ ಉಳಿದ ಮಾತು ಅಷ್ಟು ಬೇಗ ಎಲ್ಲಿ ಬಂದೀತು? "ನಾಳೆ..." ಎಂದಳು, ಅಲ್ಲಿಗೇ ನಿಂತಿತು. ಅವನು ನಕ್ಕು ತಲೆಯಾಡಿಸಿ ಹೊರಟುಹೋದ.

ವ್ಯಾನಿನ ಸದ್ದು ಗೇಟು ದಾಟಿದ ಮೇಲೆ ಅವಳು ಡಬ್ಬಿ ತೆರೆದಳು. ಗುರುತು ಅಲ್ಲೇ ಇತ್ತು. ಕೈಗವಸು ಬಿಚ್ಚಿಟ್ಟು, ಲ್ಯಾಬಿನಲ್ಲಿ ಯಾರೂ ಮಾಡಬಾರದ ಕೆಲಸ ಮಾಡಿದಳು. ತನ್ನ ಹೆಬ್ಬೆರಳನ್ನು ಅವನ ಹೆಬ್ಬೆರಳ ಗುರುತಿನೊಳಗೆ ಇಟ್ಟು ಒತ್ತಿದಳು. ಅದು ಇನ್ನೂ ಸ್ವಲ್ಪ ಬೆಚ್ಚಗಿತ್ತು, ಅಥವಾ ಅವಳಿಗೆ ಹಾಗನ್ನಿಸಿತು.

ಸಂಜೆ ಬಾಗಿಲಲ್ಲೇ ಅಮ್ಮ ಮೂಗು ಮುಚ್ಚಿಕೊಂಡಳು. "ಇವತ್ತೇನೇ ಇಷ್ಟು ನಾತ! ಕೈ ತೊಳ್ಕೊಂಡ್ ಬಂದ್ಯೋ ಇಲ್ವೋ?"

"ತೊಳೀತೀನಿ ಬಿಡಮ್ಮ," ಎಂದು ಒಳಗೆ ಹೋದ ಲ್ಯಾಬಕ್ಕ ದೀಪವನ್ನೂ ಹಾಕದೆ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಬಹಳ ಹೊತ್ತು ಕೂತಿದ್ದಳು.