ಲಾಯದ ಬಾಗಿಲಿನ ದೀಪ

ಹತ್ತಿಕಾಳಿನ ಎಣ್ಣೆಯಲ್ಲಿ ನೆನೆದ ಬತ್ತಿ ಆರಿದಾಗ ಬರುವ ಹೊಗೆಯ ಕಮಟು ಮೂಗಿಗೆ ಬಡಿದರೆ, ಇವತ್ತಿಗೂ ನನಗೆ ಆದವಾನಿಯ ಕೋಟೆಯ ಕೆಳಗಿದ್ದ ನಮ್ಮ ಮನೆ ನೆನಪಾಗುತ್ತದೆ. ಹತ್ತಿ ವ್ಯಾಪಾರದ ಮನೆ. ಪಡಸಾಲೆಯ ತುಂಬ ಹತ್ತಿ ತುಂಬಿದ ಅಂಡಿಗೆಗಳು, ಅಜ್ಜಿಯ ಸೆರಗಿನಲ್ಲಿ, ನಮ್ಮ ತಲೆಗೂದಲಲ್ಲಿ, ಒಮ್ಮೊಮ್ಮೆ ಸಾರಿನಲ್ಲಿ ಕೂಡ ಹತ್ತಿಯ ಎಳೆ. ನಮ್ಮೂರು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು ಅನ್ನುತ್ತಾರೆ. ವಿಜಯನಗರದವರು ಆಳಿದರು, ಸುಲ್ತಾನರ ಸರದಾರರು ಆಳಿದರು, ನವಾಬರು ಇಲ್ಲೇ ದರ್ಬಾರು ನಡೆಸಿದರು. ಅವರೆಲ್ಲ ಹೋದ ಮೇಲೆ ಹತ್ತಿಯೇ ಅರಸನಾಯಿತು. ಈಗ ಅದರ ದೌಲತ್ತೂ ಇಳಿದಿದೆ. ಯಾರು ಮೊದಲು ಬಂದರು, ಯಾರು ಯಾರನ್ನು ಓಡಿಸಿದರು ಎಂಬುದು ನನಗೆ ಇನ್ನೂ ತಲೆಗೆ ಹತ್ತಿಲ್ಲ. ಅಜ್ಜಿಗೂ ಹತ್ತಿರಲಿಲ್ಲ. ಆಕೆಗೆ ಗೊತ್ತಿದ್ದುದು ಒಂದೇ: ಪ್ರತಿ ಸೋಮವಾರ ಸಂಜೆ ಕೋಟೆಯ ಅರಸನ ಬಾಗಿಲಿಗೆ ನಮ್ಮ ಮನೆಯ ದೀಪ ಹೋಗಬೇಕು, ತಪ್ಪಿದರೆ ಊರು ಉಳಿಯುವುದಿಲ್ಲ. ಹಾಗೆಂದು ಅವಳ ಅತ್ತೆ ಹೇಳಿದ್ದಳಂತೆ. ಯಾವ ಅರಸ ಎಂದು ಕೇಳಿದರೆ, "ಇದ್ದಾಂವಗ ಮುಟ್ಟತೈತಿ ಬಿಡು" ಅನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ದೀಪವೊಂದು ಇದ್ದಿರಬೇಕು.

ಒಂದು ಸೋಮವಾರ, ಕೋಟೆ ನೋಡಲು ಬಂದ ಕಾಲೇಜಿನ ಮೇಷ್ಟ್ರೊಬ್ಬರು ನಮ್ಮಲ್ಲಿ ಮಜ್ಜಿಗೆ ಕುಡಿಯುತ್ತ, ಅಜ್ಜಿ ದೀಪ ಇಡುವ ಬಾಗಿಲು ಅರಸನದೇ ಅಲ್ಲ, ಕುದುರೆ ಲಾಯದ್ದು ಎಂದುಬಿಟ್ಟರು. ಅರಸನ ಬಾಗಿಲು ಎಂದೋ ಬಿದ್ದು ಅಲ್ಲಿ ಜಾಲಿ ಬೆಳೆದಿದೆಯಂತೆ. ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. "ಯವ್ವಾ, ಇಷ್ಟ್ ದಿನ ಕುದುರಿಗೆ ದೀಪ ಹಚ್ಚೀದಿ ನೋಡು! ಪಾಪ, ಅರಸ ಕತ್ತಲಾಗ ಕೂತಾನ."

"ಕೂಡ್ಲಿ ಬಿಡೋ," ಅಂದಳು ಅಜ್ಜಿ. "ಕುದುರಿ ಬಿಟ್ಟು ಅರಸ ಎಲ್ಲಿಗ್ ಹೊಕ್ಕಾನ?"

ಮಾತಿಗೆ ಗೆದ್ದಳು. ಆದರೆ ಸಂಜೆ ಬಾಗಿಲ ಪಕ್ಕದ ದೀಪದ ಗೂಡಿನ ಮುಂದೆ ಕಡ್ಡಿಪೆಟ್ಟಿಗೆ ಹಿಡಿದ ಆಕೆಯ ಕೈ ನಿಂತುಹೋಯಿತು. ಜಾಲಿಯ ಕಡೆ ನೋಡಿದಳು, ಗೂಡನ್ನು ನೋಡಿದಳು, ಜೊತೆಗೆ ಹೋಗಿದ್ದ ನನ್ನನ್ನು ನೋಡಿದಳು. "ಇಲ್ಲಿ ಇಟ್ರ ಮುಟ್ಟತೈತೇನ, ನೀನಾರ ಹೇಳವ್ವಾ." ನನಗೇನು ಗೊತ್ತು? "ಮುಟ್ಟತೈತಿ ಅಜ್ಜಿ" ಅಂದೆ. ಹಚ್ಚಿದಳು. ಮನೆಗೆ ಬರುವಾಗ ಜಾಲಿಯ ಕಡೆ ಹೊರಳಿ ಹೊರಳಿ ನೋಡಿದಳು.

ಮುಂದೆ ಅಜ್ಜಿ ತೀರಿಕೊಂಡಳು. ಮನೆ ಯಾರದೋ ಗೋದಾಮಾಯಿತು. ನಾನು ಗೋನೆಗಂಡ್ಲದ ಸೊಸೆಯಾದೆ. ದೀಪ ತಪ್ಪಿಯೇ ಹೋಗಿತ್ತು, ಊರು ಮಾತ್ರ ಹಾಗೇ ಇತ್ತು. ಉಳಿದಿದೆ ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯದು. ಹೋದ ಕಾರ್ತಿಕದಲ್ಲಿ ಮನಸ್ಸು ತಡೆಯದೆ ಹಣತೆ, ಎಣ್ಣೆ, ಬತ್ತಿ ಕಟ್ಟಿಕೊಂಡು ಆದವಾನಿಗೆ ಹೊರಟೆ. ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು, ಮೊಣಕಾಲೂ ಅಂದು ಕಾಡಲಿಲ್ಲ, ಶಿವನ ದಯೆ. ಲಾಯದ ಬಾಗಿಲು ಇನ್ನೂ ನಿಂತಿತ್ತು. ಗೂಡಿಗೆ ಮಾತ್ರ ಯಾರೋ ಸಿಮೆಂಟು ಮೆತ್ತಿದ್ದರು. ಹಣತೆ ಹಿಡಿದು, ಎಲ್ಲಿಡುವುದೆಂದು ಸುತ್ತ ನೋಡಿದೆ. ಮೇಕೆಗಳ ಜೊತೆ ಅಲ್ಲೇ ಕೂತಿದ್ದ ಹೆಂಗಸೊಬ್ಬಳು ತೆಲುಗಿನಲ್ಲಿ, "ಎವರಿ ಕೋಸಂ ವಚ್ಚಿನಾವಮ್ಮಾ?" ಎಂದಳು. ಯಾರಿಗಾಗಿ ಬಂದೆ? ಅರಸನಿಗೋ, ಅಜ್ಜಿಗೋ, ಊರಿಗೋ? ಕೈಯಲ್ಲಿದ್ದ ಹಣತೆ ತೋರಿಸಿದೆ. ಅವಳು ಮೇಕೆಯೊಂದನ್ನು ಅತ್ತ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಕೂತು, ಹಣತೆಯನ್ನು ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟು ಹಚ್ಚಿದೆ. ಗಾಳಿಗೆ ಅವಳೇ ಕೈ ಅಡ್ಡ ಹಿಡಿದಳು.