ಬೇಕರಿ ಅಕ್ಕನಿಗಾಗಿ ಒಂದು ಪ್ರಾರ್ಥನೆ

ಬೆಳಗ್ಗೆ ಲಾಂಡ್ರಿಯ ಬಾಗಿಲು ತೆಗೆದ ಕೂಡಲೇ ಗಂಜಿಯಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕುತ್ತಾಳೆ. ಅದು ಕಾಯುವವರೆಗೆ ಕಣ್ಣು ಮುಚ್ಚಿ ನಿಂತು ತನ್ನ ಓರಗಿತ್ತಿಗಾಗಿ ಪ್ರಾರ್ಥಿಸುತ್ತಾಳೆ. ಜ್ವರವಿರಲಿ, ಗಿರಾಕಿ ಬಾಗಿಲಲ್ಲೇ ಕಾದು ನಿಂತಿರಲಿ, ಇದೊಂದನ್ನು ಅವಳು ತಪ್ಪಿಸಿದ್ದೇ ಇಲ್ಲ.

“ಕರ್ತನೇ, ಅಕ್ಕನ ಬಾಯಿಂದ ನನಗೆ ಏನಾಯ್ತೋ ಅದು ಅಕ್ಕನಿಗೂ ಆಗಲಿ. ಹೆಚ್ಚೂ ಬೇಡ, ಕಡಿಮೆನೂ ಬೇಡ.”

ಆಮೇಲೆ ಬಟ್ಟಲಿನ ನೀರಿಗೆ ಬೆರಳು ಅದ್ದಿ ಪೆಟ್ಟಿಗೆಯ ತಳಕ್ಕೆ ಒಂದು ಹನಿ ಚಿಮುಕಿಸುತ್ತಾಳೆ. ಹನಿ ಚುಂಯ್ ಎಂದರೆ ಅದೇ ಆಮೆನ್.

“ಮುಗೀತಾ ನಿನ್ನ ಶಾಪ?” ಎಂದು ಗಂಡ ಒಳಗಿನ ತೊಟ್ಟಿಯ ಹತ್ತಿರದಿಂದ ಕೇಳುತ್ತಾನೆ.

“ಶಾಪ ಅಲ್ಲ ರೀ, ಪ್ರಾರ್ಥನೆ. ದೇವರ ಹತ್ತಿರ ಹೇಳಿದ್ದೆಲ್ಲ ಪ್ರಾರ್ಥನೆನೇ.”

“ಪಾಪ, ದೇವರಿಗೆ ಬೆಳಗಾಗೋದೇ ನಿನ್ನ ಬಾಯಲ್ಲಿ.”

ಗಂಜಿಯಮ್ಮ ಎಂಬ ಹೆಸರನ್ನು ಕೊಟ್ಟದ್ದು ಬೀದಿಯವರು. ಅವಳು ಗಂಜಿ ಹಾಕಿದ ಕಾಲರು ಸಂಜೆಯಾದರೂ ತಲೆ ಬಾಗಿಸುವುದಿಲ್ಲ. ಕುತ್ತಿಗೆಗೂ ಅದನ್ನೇ ಬಳಿದುಕೊಂಡಿದ್ದಾಳೆ ಎಂದು ಗಂಡ ತಮಾಷೆ ಮಾಡುತ್ತಾನೆ. ಅಣ್ಣತಮ್ಮಂದಿರಿಬ್ಬರೂ ಒಂದೇ ಬೀದಿಯಲ್ಲಿ ಅಂಗಡಿ ಇಟ್ಟವರು. ಅಣ್ಣನದು ಬೇಕರಿ, ತಮ್ಮನದು ಲಾಂಡ್ರಿ. ಅಣ್ಣ ತೀರಿಕೊಂಡ ಮೇಲೆ ಬೇಕರಿಯ ಒಲೆಯ ಮುಂದೆ ಅವನ ಹೆಂಡತಿ ನಿಂತಳು. ಒಲೆ ಆರಲು ಬಿಡಲಿಲ್ಲ, ತನ್ನ ಮಾತು ನಿಲ್ಲಲೂ ಬಿಡಲಿಲ್ಲ. ಸಭೆಯ ಹೆಂಗಸರಿಗೆಲ್ಲ ಅವಳು ಬೇಕರಿ ಅಕ್ಕ. ಬುಧವಾರದ ಪ್ರಾರ್ಥನಾ ಕೂಟವನ್ನು ನಡೆಸುವವಳೂ ಅವಳೇ.

ಹಗೆ ಹುಟ್ಟಿದ್ದು ಆ ಬುಧವಾರದ ಕೂಟದಲ್ಲೇ.

ಗಂಜಿಯಮ್ಮನಿಗೆ ಇರುವುದು ಒಬ್ಬಳೇ ಮಗಳು. ಮದುವೆಯಾಗಿ ಹೋದವಳು ಒಂದು ಸಂಜೆ ಒಂದೇ ಚೀಲ ಹಿಡಿದು ತವರಿಗೆ ವಾಪಸ್ ಬಂದಳು. ಕೋಣೆಯ ಬಾಗಿಲು ಹಾಕಿಕೊಂಡು ಬೆನ್ನಿನ ಮೇಲಿನ ಏಟಿನ ಗುರುತುಗಳನ್ನು ತಾಯಿಗೆ ತೋರಿಸಿದಳು. “ಯಾರಿಗೂ ಹೇಳಬೇಡಮ್ಮ. ಏನು ಮಾಡಬೇಕು ಅಂತ ನಾನೇ ಯೋಚನೆ ಮಾಡ್ತೀನಿ” ಎಂದಳು. ತಾಯಿ ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಬ್ರೆಡ್ಡು ತರಲು ಹೋದವಳಿಗೆ ಒಲೆಯ ಬಿಸಿಗೋ ಅಕ್ಕನ ಸಮಾಧಾನದ ಮಾತಿಗೋ ಕಟ್ಟೆ ಒಡೆಯಿತು. ಹಿಟ್ಟಿನ ಮೂಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿ ಅತ್ತಳು.

ಆ ವಾರದ ಕೂಟದಲ್ಲಿ ಬೇಕರಿ ಅಕ್ಕ ಎದ್ದು ನಿಂತಳು. “ನನ್ನ ಓರಗಿತ್ತಿ ಅತ್ತು ಕೇಳಿಕೊಂಡಿದ್ದಾಳೆ, ಅವಳ ಮಗಳಿಗಾಗಿ ಎಲ್ಲರೂ ಪ್ರಾರ್ಥಿಸಬೇಕು” ಎಂದು ಶುರು ಮಾಡಿದವಳು ಬೆನ್ನಿನ ಗುರುತುಗಳವರೆಗೆ ಒಂದನ್ನೂ ಬಿಡದೆ ಹೇಳಿದಳು. ಅವರ ಸಭೆಯಲ್ಲಿ ಹಾಗೆಯೇ ನಡೆಯುವುದು. ಚಾಡಿ ಹೇಳಿದರೆ ಪಾಸ್ಟರು ಗದರುತ್ತಾರೆ. ಅದೇ ಮಾತಿನ ಕೊನೆಗೆ ‘ಪ್ರಾರ್ಥಿಸಿ’ ಎಂದು ಸೇರಿಸಿದರೆ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಹಿಂದಿನ ಬೆಂಚಿನಲ್ಲಿ ಮಗಳು ಕುಳಿತಿದ್ದಳು. ಎದ್ದು ಹೊರಗೆ ಹೋದಳು. ಮಾರನೆಯ ದಿನ ಬೇರೆ ಊರಿಗೆ ಹೊರಟೇಬಿಟ್ಟಳು.

“ನೀನೇ ಕೇಳಿಕೊಂಡೆಯಂತಲ್ಲ” ಎಂಬುದೇ ಅವಳು ತಾಯಿಯ ಹತ್ತಿರ ಆಡಿದ ಕೊನೆಯ ಮಾತು.

ಕೇಳಿಕೊಂಡಿರಲಿಲ್ಲ ಎಂದು ತಾಯಿ ಬಡಬಡಿಸಿದರೂ ಅವಳು ನಂಬಲಿಲ್ಲ. ಫೋನು ಮಾಡಿದರೆ ಅಪ್ಪನ ಹತ್ತಿರ ಮಾತ್ರ ಮಾತಾಡುತ್ತಾಳೆ, ಅದೂ ಮಳೆ ಬಿಸಿಲಿನ ಸಮಾಚಾರ. ತಾಯಿ ಕೇಳಿಕೊಂಡಿರಲಿಲ್ಲ ಎಂಬುದಕ್ಕೆ ಇದ್ದ ಒಬ್ಬಳೇ ಸಾಕ್ಷಿ ಬೇಕರಿ ಅಕ್ಕ. ಅವಳನ್ನು ಗಂಜಿಯಮ್ಮ ಕೇಳಿಯೂ ಆಯಿತು.

“ಕೇಳಿಕೊಂಡ ಹಾಗೇ ತಾನೇ? ಇಲ್ಲದೆ ಹೋದ್ರೆ ಅಷ್ಟೊಂದು ಅತ್ತಿದ್ದು ಯಾಕೆ?” ಎಂದಿದ್ದಳು ಅಕ್ಕ, ಹಿಟ್ಟು ನಾದುವ ಕೈ ನಿಲ್ಲಿಸದೆ. “ಪ್ರಾರ್ಥನೆ ಮಾಡಿಸಿದ್ದೂ ತಪ್ಪಾಗಿ ಹೋಯ್ತಾ ಈಗ? ಒಳ್ಳೇ ಕಥೆ ಕಣೇ ನಿಂದು!”

ಹೀಗಿರುವಾಗ ಒಂದು ವರ್ಷ ಬೇಸಿಗೆಗೆ ಮೊದಲು ಪಾಸ್ಟರು ಲಾಂಡ್ರಿಗೆ ಬಂದರು. ಸಮುದ್ರದಾಚೆಯ ದೇಶದಲ್ಲಿ ಮಿಷನ್ನಿನವರು ದಿಕ್ಕಿಲ್ಲದ ಮುದುಕರಿಗಾಗಿ ಒಂದು ಆಸ್ಪತ್ರೆ ನಡೆಸುತ್ತಾರೆ. ಬೇಸಿಗೆಯಲ್ಲಿ ಅಲ್ಲಿಯ ಕೆಲಸದವರು ರಜೆಗೆ ಹೋದಾಗ ಸಭೆಯಿಂದ ಒಂದು ತಂಡ ಹೋಗಿ ಸೇವೆ ಮಾಡುವುದು ರೂಢಿ. ಈ ಸಲ ಬಟ್ಟೆ ಒಗೆಯುವ ಕೆಲಸಕ್ಕೆ ಜನ ಬೇಕಾಗಿತ್ತು.

“ಗಂಡ ಹೆಂಡತಿ ಇಬ್ಬರೂ ಬಂದ್ರೆ ದೊಡ್ಡ ಉಪಕಾರ. ಆದ್ರೆ…” ಪಾಸ್ಟರು ಗಂಟಲು ಸರಿಮಾಡಿಕೊಂಡರು. “ತಂಡದ ಮುಂದಾಳು ಬೇಕರಿ ಅಕ್ಕ.”

“ಬರ್ತೀವಿ” ಎಂದಳು ಗಂಜಿಯಮ್ಮ.

ಪಾಸ್ಟರ ಕಣ್ಣು ತೇವವಾಯಿತು. ಎಂಥ ಕ್ಷಮಾಗುಣ ಎಂದು ಆ ಭಾನುವಾರ ಸಭೆಗೆಲ್ಲ ಹೇಳಿದರು. ಗಂಡನೊಬ್ಬನೇ ಅಂದೆಲ್ಲ ಅವಳ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದ. ದೂರ ನಿಂತವರ ಮೇಲೆ ಸೇಡು ತೀರಿಸಿಕೊಳ್ಳಲು ಆಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಆಸ್ಪತ್ರೆಯ ಒಗೆಯುವ ಮನೆ ನೆಲಮಾಳಿಗೆಯಲ್ಲಿತ್ತು. ಒಂದು ಗೋಡೆಗೆ ಬಾಯ್ಲರು, ಇನ್ನೊಂದಕ್ಕೆ ಉದ್ದನೆಯ ಕಲ್ಲಿನ ತೊಟ್ಟಿಗಳು, ನಡುವೆ ಹಾಸಿಗೆಯ ಬಟ್ಟೆಗಳನ್ನು ತುಂಬಿದ ಗಾಲಿ ಬುಟ್ಟಿಗಳ ಸಾಲು. ಹಾಸಿಗೆ ಬಿಟ್ಟು ಏಳಲಾರದವರ ಬಟ್ಟೆಗಳು ಬಂದಷ್ಟೂ ಬರುತ್ತಿದ್ದವು. ತಣ್ಣೀರಿನಲ್ಲಿ ನೆನೆಹಾಕುವುದು, ಕುದಿಸುವುದು, ಹಿಂಡುವುದು, ಅಂಗಳದ ಹಗ್ಗಕ್ಕೆ ಹರವುವುದು. ಗಂಡನಿಗೆ ಅಲ್ಲಿ ಹಿಗ್ಗೋ ಹಿಗ್ಗು. ಮುದುಕರ ಪಕ್ಕ ಕುಳಿತು ಆ ದೇಶದ ಭಾಷೆಯಲ್ಲಿ ನೀರು, ಬಿಸಿಲು, ಬೆನ್ನುನೋವು ಎಂಬ ಮಾತುಗಳನ್ನು ಕಲಿತ. ಅವರು ಇವನ ಉಚ್ಚಾರಣೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೇಕರಿ ಅಕ್ಕ ಅಡುಗೆಮನೆಯಲ್ಲಿ ಬ್ರೆಡ್ಡು ಬೇಯಿಸುತ್ತಿದ್ದಳು, ಸಂಜೆಗೆ ಸಭಾಂಗಣದಲ್ಲಿ ಪ್ರಾರ್ಥನೆ ನಡೆಸುತ್ತಿದ್ದಳು.

ತಂಡದವರು ತಮ್ಮ ಹಾಸಿಗೆಯ ಬಟ್ಟೆಗಳನ್ನು ಗಂಟು ಕಟ್ಟಿ ಕೋಣೆಯ ಹೊರಗೆ ಇಡಬೇಕಿತ್ತು. ಅಕ್ಕನ ಬಾಗಿಲಲ್ಲಿ ಮಾತ್ರ ಎಂದೂ ಗಂಟು ಇರುತ್ತಿರಲಿಲ್ಲ.

“ನಂದು ನಾನೇ ಒಕ್ಕೋತೀನಿ. ನಿನಗ್ಯಾಕೆ ಇಲ್ಲದ ಕಷ್ಟ?” ಎಂದಳು ಅಕ್ಕ.

ಊರಿನಲ್ಲಿ ಕರವಸ್ತ್ರವನ್ನೂ ಲಾಂಡ್ರಿಗೆ ಹಾಕುವ ಹೆಂಗಸು ಅವಳು. ಗಂಜಿಯಮ್ಮನಿಗೆ ಇದು ಗಂಟಲಿನಿಂದ ಇಳಿಯಲಿಲ್ಲ. ಒಂದು ಬೆಳಗ್ಗೆ ಮಡಿಸಿದ ಹೊಸ ಹಾಸು ಹಿಡಿದು ಮೇಲೆ ಹೋದಳು. ಬಾಗಿಲು ಅರೆ ತೆರೆದಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಹಿಟ್ಟಿನ ಪ್ಲಾಸ್ಟಿಕ್ ಚೀಲಗಳನ್ನು ಸೀಳಿ ಹಾಸಿಗೆಯ ಉದ್ದಕ್ಕೂ ಹರಡಿತ್ತು. ಒದ್ದೆ ಹಾಸು ಕಿಟಕಿಯ ಸರಳಿಗೆ ಒಣಗಲು ಬಿದ್ದಿತ್ತು. ಕೆಳಗೆ ಬುಟ್ಟಿಗಟ್ಟಲೆ ಒಗೆಯುತ್ತಿದ್ದವಳಿಗೆ ಆ ವಾಸನೆಯನ್ನು ಬಿಡಿಸಿ ಹೇಳುವವರು ಬೇಕಿರಲಿಲ್ಲ.

ತಿರುಗಿದರೆ ಬಾಗಿಲಲ್ಲಿ ಬಕೆಟ್ಟು ಹಿಡಿದು ಅಕ್ಕ ನಿಂತಿದ್ದಳು. ಒಲೆಯ ಮುಂದೆ ನಿಂತವಳ ಹಾಗೆ ಮುಖ ಕೆಂಪಾಗಿತ್ತು.

“ಯಾರಿಗೂ ಹೇಳಬೇಡ ಕಣೇ.”

“ನಾನ್ಯಾಕೆ ಹೇಳಲಿ, ಅಕ್ಕ?” ಎಂದು ಗಂಜಿಯಮ್ಮ ಒದ್ದೆ ಹಾಸನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. “ಕೊಡಿ, ಇನ್ಮೇಲೆ ನಾನೇ ಒಕ್ಕೊಡ್ತೀನಿ.”

ಸಂತೋಷಕ್ಕೆ ಅವಳು ಹುಡುಗಿಯಂತೆ ದಡದಡನೆ ಮೆಟ್ಟಿಲು ಇಳಿದಳು. ದೇವರು ಪ್ರಾರ್ಥನೆ ಕೇಳಿದ್ದ. ಕೇಳಿದ್ದಷ್ಟೇ ಅಲ್ಲ, ಕೈಗೇ ತಂದು ಇಟ್ಟಿದ್ದ.

ಅವಳು ಆತುರಪಡಲಿಲ್ಲ. ದಿನವೂ ಎಲ್ಲರಿಗಿಂತ ಮುಂಚೆ ಅಕ್ಕನ ಹಾಸು ಒಗೆದು, ಇಸ್ತ್ರಿ ಮಾಡಿ, ಬೇರೆ ಬಟ್ಟೆಗಳ ನಡುವೆ ಮುಚ್ಚಿಟ್ಟುಕೊಂಡು ಮೇಲೆ ಒಯ್ಯುತ್ತಿದ್ದಳು. ಅಕ್ಕ ಮೆತ್ತಗಾದಳು. ಆಗಷ್ಟೇ ಬೆಂದ ಬ್ರೆಡ್ಡಿನ ನಡುಭಾಗವನ್ನು ಕಾಗದದಲ್ಲಿ ಸುತ್ತಿ ಕೊಡುವಳು. ಮಂಚದ ಅಂಚಿಗೆ ಕುಳಿತು ಕಷ್ಟ ಹೇಳಿಕೊಳ್ಳುವಳು. ಕೊನೆಯ ಹೆರಿಗೆಯಾದಾಗಿನಿಂದ ಇದು ಇದೆ, ಗಂಡನಿಗೂ ಹೇಳಿರಲಿಲ್ಲ, ಡಾಕ್ಟರ ಬಾಗಿಲವರೆಗೆ ಹೋಗಿ ವಾಪಸ್ ಬಂದದ್ದುಂಟು, ಕೂಟದಲ್ಲಿ ನಿಂತೇ ಹಾಡುವುದು ಕುರ್ಚಿಯ ಭಯಕ್ಕೆ. ಗಂಜಿಯಮ್ಮ ತಲೆಯಾಡಿಸುತ್ತ ಕೇಳುತ್ತಿದ್ದಳು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಒಂದೊಂದು ಮಾತನ್ನೂ ಮಡಿಕೆ ಮುರಿಯದಂತೆ ಒಳಗೆ ಇಟ್ಟುಕೊಳ್ಳುತ್ತಿದ್ದಳು.

“ನೀನು ಅತ್ತಿಗೆಗೆ ಹೀಗೆ ಸೇವೆ ಮಾಡೋದು ನೋಡಿದ್ರೆ ನಂಗೆ ಯಾಕೋ ಹೆದರಿಕೆ ಆಗುತ್ತೆ ಕಣೇ” ಎಂದ ಗಂಡ, ತೊಟ್ಟಿಯಿಂದ ಹಾಸಿನ ಒಂದು ತುದಿ ಎತ್ತಿಕೊಡುತ್ತ.

“ಹಿಂಡ್ರಿ ಸುಮ್ನೆ.”

ಹೊರಡುವ ಮುನ್ನಾದಿನ ಸಂಜೆ ಬೀಳ್ಕೊಡುಗೆಯ ಕೂಟ ನಡೆಯಿತು. ತಂಡದವರೆಲ್ಲ ಇದ್ದರು. ತಮ್ಮ ಭಾಷೆಯನ್ನೇ ಆಡುವ ಅಲ್ಲಿನ ಹಿರಿಯ ನರ್ಸೂ ಬಂದಿದ್ದಳು. ಹಾಡು ಮುಗಿಸಿ ಬೇಕರಿ ಅಕ್ಕ ವಾಡಿಕೆಯಂತೆ ಕೇಳಿದಳು: “ಯಾರದಾದ್ರೂ ಪ್ರಾರ್ಥನೆ ಕೋರಿಕೆ ಇದ್ಯಾ?”

ಗಂಜಿಯಮ್ಮ ಎದ್ದಳು. ಗಂಡ ತೋಳು ಜಗ್ಗಿದ, ಅವಳು ಕೊಡವಿಕೊಂಡಳು.

“ನಮ್ಮ ಅಕ್ಕ ಅತ್ತು ಕೇಳಿಕೊಂಡಿದ್ದಾರೆ. ಅವರಿಗಾಗಿ ಎಲ್ಲರೂ ಪ್ರಾರ್ಥಿಸಬೇಕು.”

ಆಮೇಲೆ ಹೇಳಿದಳು. ಹಿಟ್ಟಿನ ಚೀಲ, ಕಿಟಕಿಯ ಸರಳು, ಹೆರಿಗೆ, ಡಾಕ್ಟರ ಬಾಗಿಲು, ಕುರ್ಚಿಯ ಭಯ, ಯಾವುದೂ ಬಿಟ್ಟುಹೋಗಲಿಲ್ಲ. ದನಿಯನ್ನು ಎಲ್ಲಿಯೂ ಏರಿಸಲಿಲ್ಲ. ಮಗುವನ್ನು ತಟ್ಟಿ ಮಲಗಿಸುವವಳಂತೆ ಮೆಲ್ಲಗೆ, ಮಮತೆಯಿಂದ ಹೇಳಿದಳು. ಯಾರೋ “ಅಯ್ಯೋ ಪಾಪ” ಎಂದರು. ತಂಡದ ಬಡಗಿ ತನ್ನ ಬೂಟಿನ ದಾರವನ್ನೇ ನೋಡುತ್ತ ಕುಳಿತ. ಹಿರಿಯ ನರ್ಸು ಬಂದು ಅಕ್ಕನ ತಲೆಯ ಮೇಲೆ ಕೈಯಿಟ್ಟು ದೀರ್ಘವಾಗಿ ಪ್ರಾರ್ಥಿಸಿದಳು. ಪ್ರಾರ್ಥನೆಗೆ ಬೇಡ ಎನ್ನುವುದು ಹೇಗೆ? ಎಲ್ಲರ ಜೊತೆ ಅಕ್ಕನೂ ಆಮೆನ್ ಎನ್ನಬೇಕಾಯಿತು.

ಊಟಕ್ಕೆ ಹೋದಾಗ ಒಳ್ಳೆಯ ಮನಸ್ಸಿನವರು ಯಾರೋ ಅಕ್ಕನ ಕುರ್ಚಿಗೆ ಟವೆಲ್ಲು ಮಡಿಸಿ ಹಾಕಿದ್ದರು. ಅಕ್ಕ ಅದನ್ನು ನೋಡಿದಳು. ನೋಡಿ, ಅದರ ಮೇಲೇ ಕುಳಿತಳು. ಮೇಜಿನ ಇನ್ನೊಂದು ತುದಿಯಲ್ಲಿ ಗಂಜಿಯಮ್ಮ ಎಷ್ಟೋ ಕಾಲದ ಮೇಲೆ ಹೊಟ್ಟೆ ತುಂಬ ಉಂಡಳು.

ಕೆಲಸ ಮುಗಿದ ಮೇಲೆ ಒಂದು ವಾರ ದೇಶ ಸುತ್ತುವುದೆಂದು ಮೊದಲೇ ನಿಶ್ಚಯವಾಗಿತ್ತು. ರೈಲು ಸಮುದ್ರದ ಅಂಚಿನಲ್ಲೇ ಓಡಿತು. ದೋಣಿ ಹತ್ತಿದರು, ಬಣ್ಣದ ಗಾಜಿನ ಹಳೆಯ ದೇವಾಲಯಗಳನ್ನು ಕತ್ತೆತ್ತಿ ನೋಡಿದರು. ಇಳಿದ ಕಡೆಯಲ್ಲೆಲ್ಲ ತಂಡದವರು ಕಾಳಜಿಯಿಂದ ಕೂಗುತ್ತಿದ್ದರು: “ಅಕ್ಕಾ, ಶೌಚಾಲಯ ಇಲ್ಲಿದೆ ನೋಡಿ!” ಮೊದಮೊದಲು ಆ ಕೂಗು ಕಿವಿಗೆ ಬಿದ್ದಾಗೆಲ್ಲ ಗಂಜಿಯಮ್ಮನಿಗೆ ಸಕ್ಕರೆ ಚಪ್ಪರಿಸಿದಂತಾಗುತ್ತಿತ್ತು. ಅಕ್ಕ ಹಾಡು ನಿಲ್ಲಿಸಿದಳು. ಬಹಳ ಕಡೆ ಕೆಳಗೆ ಇಳಿಯಲೇ ಇಲ್ಲ. ಒಮ್ಮೆಯಾದರೂ ಬಂದು ಬೈಯುತ್ತಾಳೆ, ಆಗ ಇಷ್ಟೂ ದಿನದ್ದನ್ನು ಮುಖಕ್ಕೆ ಎಸೆಯಬೇಕು ಎಂದು ಗಂಜಿಯಮ್ಮ ಉತ್ತರಗಳನ್ನು ಜೋಡಿಸಿಕೊಂಡು ಕಾದಳು. ಅಕ್ಕ ಬೈಯಲೇ ಇಲ್ಲ. ಅದೊಂದು ಕೊರತೆ ಉಳಿಯಿತು.

ಗಂಡ ಮಾತು ಕಡಿಮೆ ಮಾಡಿದ್ದ. ಒಮ್ಮೆ ಮಾತ್ರ ರೈಲಿನ ಕಿಟಕಿಯ ಹೊರಗೆ ನೋಡುತ್ತ ಕೇಳಿದ: “ಇದರಿಂದ ಹುಡುಗಿ ಫೋನ್ ಮಾಡ್ತಾಳಾ?”

“ನಾನು ಅದಕ್ಕೆ ಮಾಡಿದ್ದಲ್ಲ.”

“ಅದೇ ನಾನು ಕೇಳ್ತಿರೋದು” ಎಂದು ಅವನು ಮತ್ತೆ ಹೊರಗೆ ನೋಡಿದ.

ಊರಿಗೆ ಹೊರಡುವ ದಿನ ಬಂದರಿನ ಬೆಂಚಿನ ಮೇಲೆ ಗಂಜಿಯಮ್ಮ ಪೆಟ್ಟಿಗೆಗಳನ್ನು ಕಾಯುತ್ತ ಕುಳಿತಿದ್ದಳು. ಗಂಡ ಕಾಫಿ ತರಲು ಹೋಗಿದ್ದ. ಬೇಕರಿ ಅಕ್ಕ ಬಂದು ಪಕ್ಕದಲ್ಲೇ ಕುಳಿತಳು.

“ನೀನು ಮಾಡಿದ್ದು ಹೊಲಸು ಕೆಲಸ” ಎಂದಳು. ದನಿ ಸಪ್ಪಗಿತ್ತು.

“ಕಲಿಸಿದೋರು ನೀವೇ.”

“ಗೊತ್ತು. ಆ ಟವೆಲ್ ಮೇಲೆ ಕೂತಾಗ ಗೊತ್ತಾಯ್ತು.” ಅಕ್ಕ ಹಡಗುಗಳ ಕಡೆ ನೋಡುತ್ತ ಮುಂದುವರಿಸಿದಳು. “ಊರಿಗೆ ಹೋದ ತಕ್ಷಣ ನಾನು ಹುಡುಗಿ ಹತ್ರ ಹೋಗ್ತೀನಿ. ನಿಮ್ಮಮ್ಮ ಕೇಳಿಕೊಂಡಿರಲಿಲ್ಲ, ನಾನೇ ಸೇರಿಸಿ ಹೇಳಿದ್ದು ಅಂತೀನಿ. ಕಾಲು ಹಿಡಿ ಅಂದ್ರೆ ಹಿಡೀತೀನಿ. ದೊಡ್ಡಮ್ಮನೇ ಬಾಯಿಬಿಟ್ಟು ಹೇಳಿದ್ರೆ ನಂಬ್ತಾಳೆ. ಕರ್ಕೊಂಡೇ ಬರ್ತೀನಿ.”

ಗಂಜಿಯಮ್ಮನಿಗೂ ಅದು ಗೊತ್ತಿತ್ತು. ನಂಬುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ. ಚೀಲ ಹಿಡಿದು ಲಾಂಡ್ರಿಯ ಬಾಗಿಲಲ್ಲಿ ನಿಂತ ಮಗಳು ಕಣ್ಣಿಗೆ ಕಟ್ಟಿದಳು. “ಅಮ್ಮ” ಎಂದು ಕರೆದದ್ದೂ ಕೇಳಿಸಿದಂತಾಯಿತು. ಅವಳ ಹಿಂದೆಯೇ, ಅವಳ ಭುಜದ ಮೇಲೆ ಕೈಯಿಟ್ಟು, ಅಕ್ಕ ನಿಂತಿದ್ದಳು. ಮರುಗಳಿಗೆ ಅದೇ ಅಕ್ಕ ಬುಧವಾರದ ಕೂಟದಲ್ಲಿ ಎದ್ದು, ತಾಯಿ ಮಗಳನ್ನು ತಾನೇ ಒಂದುಮಾಡಿದ ಕಥೆಯನ್ನು ಹೇಳುತ್ತಿದ್ದಳು. ಎಲ್ಲರೂ ಸ್ತೋತ್ರ, ಸ್ತೋತ್ರ ಎನ್ನುತ್ತಿದ್ದರು. ಇನ್ನು ಬದುಕಿರುವವರೆಗೂ ಇವಳಿಗೆ ಕೈ ಮುಗಿಯಬೇಕು.

ಗಂಡ ಕಾಫಿಯ ಲೋಟಗಳನ್ನು ಹಿಡಿದು ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕಣ್ಣೆಲ್ಲ ಆಸೆಯಾಗಿತ್ತು.

“ಹೂಂ ಅನ್ನೇ” ಎಂದ. “ಅತ್ತಿಗೆ ಹೇಳ್ತಿದ್ದಾರಲ್ಲ, ಹೂಂ ಅನ್ನು.”

“ನಿನಗೋಸ್ಕರ ಬೇಡ, ಅವಳಿಗೋಸ್ಕರ ಒಪ್ಪಿಕೋ” ಎಂದಳು ಅಕ್ಕ.

ಗಂಜಿಯಮ್ಮ ಎದ್ದು ಪೆಟ್ಟಿಗೆಯ ಹಿಡಿ ಹಿಡಿದುಕೊಂಡಳು.

“ಬೇಡ ಅಕ್ಕ. ನಿಮ್ಮ ಬಾಯಿಂದ ನನ್ನ ಮಗಳು ನನಗೆ ಬೇಡ.”