ನನ್ನ ಪಾಲಿನ ಉಪವಾಸ

ಮದುವೆಯಾಗಿ ಕುಷ್ಟಗಿಯಿಂದ ಗಂಗಾವತಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಎಪ್ಪತ್ತರ ದಶಕದ ನಡುಭಾಗ ಅದು. ಯಜಮಾನರು ಒಂದು ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಗಿರಣಿಯ ಕಂಪೌಂಡಿನ ಒಳಗೇ ಇದ್ದ ಎರಡು ಕೋಣೆಯ ಮನೆಯಲ್ಲಿ ನಾನು, ಅವರು ಮತ್ತು ನಮ್ಮತ್ತೆ. ಮಗ್ಗುಲಿಗೇ ಭತ್ತ ಕುದಿಸುವ ತೊಟ್ಟಿಗಳು. ನೆನೆದ ಭತ್ತದ ಹುಳಿ ವಾಸನೆ, ಹೊಟ್ಟು ಸುಡುವ ಹೊಗೆ, ಇಂಜಿನ್ನಿನ ಸಪ್ಪಳ ಕಿಟಕಿ ಮುಚ್ಚಿದರೂ ಒಳಗೆ ಬರುತ್ತಿದ್ದವು. ತವರಿನಲ್ಲಿ ಬಾಗಿಲಿಗೆ ಬಂದು ನಿಂತರೆ ಜೋಳದ ಹೊಲ ಮುಗಿಯುವವರೆಗೂ ಕಣ್ಣು ಹೋಗುತ್ತಿತ್ತು. ಇಲ್ಲಿ ಎತ್ತ ನೋಡಿದರೂ ಗೋಡೆ.

ಮೊದಲ ವರ್ಷವೇ ಅರೆತಲೆನೋವು ಶುರುವಾಯಿತು. ಎಡಗಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿಣುಕುತ್ತಿತ್ತು. ಅರ್ಧ ತಾಸಿನಲ್ಲಿ ಅದು ಹೋಗಿ, ತಲೆಯ ಒಂದೇ ಮಗ್ಗುಲು ಸಿಡಿಯಲು ಹತ್ತುತ್ತಿತ್ತು. ವಾಂತಿಯಾಗುತ್ತಿತ್ತು. ಒಳಕೋಣೆಯಲ್ಲಿ ಸೆರಗಿನಿಂದ ಕಣ್ಣು ಕಟ್ಟಿಕೊಂಡು ಬಿದ್ದಿರುತ್ತಿದ್ದೆ. ಇಂಜಿನ್ನಿನ ಒಂದೊಂದು ಬಡಿತವೂ ಕಣ್ಣಿನ ಹಿಂದೆ ಬಡಿಯುತ್ತಿತ್ತು. ಅದನ್ನು ನಡೆಸುವವರು ನನ್ನ ಗಂಡ. ಗಿರಣಿ ನಿಲ್ಲಿಸಿ ಎಂದು ಹೇಳುವುದಾದರೂ ಹೇಗೆ?

ಅತ್ತೆ ಕೆಟ್ಟವರಲ್ಲ. ಒಣಶುಂಠಿ ತೇಯ್ದು ಹಣೆಗೆ ಹಚ್ಚುತ್ತಿದ್ದರು, ಕಾಲು ಒತ್ತುತ್ತಿದ್ದರು. ಕೊನೆಗೆ ನನ್ನ ಹೆಸರಿನಲ್ಲಿ ಹರಕೆ ಹೊತ್ತರು.

"ಹನ್ನೊಂದು ಸೋಮವಾರ ಉಪಾಸ ಹಿಡಿಯವಾ. ಸಂಜಿ ಪೂಜಿ ಆಗೂತನ ಬಾಯಿಗೆ ಏನೂ ಹಾಕಬ್ಯಾಡ. ದೇವರಿಗೆ ಮಾತು ಕೊಟ್ಟೀನಿ."

ಹಿಡಿದೆ. ಹೆಚ್ಚುಕಡಿಮೆ ಪ್ರತಿ ಸೋಮವಾರವೂ ಮಧ್ಯಾಹ್ನದ ಹೊತ್ತಿಗೆ ಬೆಳಕು ಮಿಣುಕಿತು. ಹನ್ನೊಂದು ಮುಗಿದರೂ ನೋವು ಕಡಿಮೆಯಾಗಲಿಲ್ಲ. "ಎಲ್ಲೋ ಮಡಿ ತಪ್ಪೇತಿ. ಇನ್ನ ಇಪ್ಪತ್ತೊಂದು ಮಾಡು," ಎಂದರು ಅತ್ತೆ.

ಯಜಮಾನರು ನನ್ನನ್ನು ಕೊಪ್ಪಳದ ಒಬ್ಬ ವಯಸ್ಸಾದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದರು. ಅವರು ಗುಳಿಗೆ ಕೊಡುವುದಕ್ಕೆ ಮೊದಲು, ನೋವು ಬಂದ ದಿನಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದರು. ತಿಂಗಳಾದ ಮೇಲೆ ಅದನ್ನು ಬಿಚ್ಚಿ ನೋಡಿದರು.

"ಸೋಮವಾರ ಏನ್ ಮಾಡ್ತೀಯವಾ ತಂಗಿ?"

"ಉಪಾಸ ಇರತೀನ್ರಿ."

"ಯಾತಕ್ಕ?"

"ತಲಿನೋವು ಹೋಗಲಿ ಅಂತರಿ."

ಅವರು ನಗಲಿಲ್ಲ. "ಉಪಾಸದಿಂದನ ಬರಾಕತ್ತೇತಿ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದಿಗೆಡಬ್ಯಾಡ," ಎಂದರು.

ಅತ್ತೆಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಡಾಕ್ಟರು ಉಣ್ಣಲು ಹೇಳಿದ್ದಾರೆ ಎಂದಷ್ಟೇ ಹೇಳಿ ಯಜಮಾನರು ಇಂಜಿನ್ನಿನ ಕಡೆ ಹೋಗಿಬಿಟ್ಟರು. ಸೋಮವಾರ ಬೆಳಿಗ್ಗೆ ಅತ್ತೆ ನನ್ನ ಮುಂದೆ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟರು.

"ಉಣ್ಣು."

"ಹರಕಿ ಐತಲ್ರಿ ಅತ್ತಿ?"

"ಮಾತು ಕೊಟ್ಟಾಕಿ ನಾನು. ನಿನ್ನ ಪಾಲಿನ ಉಪಾಸ ನಾ ಹಿಡಿತೀನಿ."

ಅವರಿಗೆ ಅರವತ್ತು ಹತ್ತಿರವಾಗಿತ್ತು. ನಾನು ಉಂಡು ಮುಗಿಸುವವರೆಗೆ ಎದುರಿಗೇ ಕೂತರು. ರೊಟ್ಟಿ ಮುರಿದು ಬಾಯಿಗಿಟ್ಟೆ. ನೀರು ಕುಡಿದು ನುಂಗಿದೆ. ಅವತ್ತು ನೋವು ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. "ನನ್ನ ಉಪಾಸ ಹತ್ತೇತಿ ನೋಡ್ರಿ ಸೊಸಿಗೆ," ಎಂದು ಅತ್ತೆ ಭತ್ತ ಹರವಲು ಬರುವ ಹೆಂಗಸರಿಗೆಲ್ಲ ಹೇಳಿದರು. ಇಪ್ಪತ್ತೊಂದು ಮುಗಿದ ಮೇಲೂ ಅವರು ಬಿಡಲಿಲ್ಲ. ಬಿಟ್ಟರೆ ತಿರುಗಿ ಬಂದೀತೆಂಬ ಭಯ.

ನನಗೆ ಗೊತ್ತಿತ್ತು, ಮದ್ದಿನ ಹಾಗೆ ಹತ್ತಿದ್ದು ರೊಟ್ಟಿ. ಹೇಳಿದರೆ ಅವರು ಹಸಿದದ್ದೆಲ್ಲ ವ್ಯರ್ಥವೆಂದ ಹಾಗೆ. ಹೇಳದಿದ್ದರೆ ಅವರು ಹಸಿಯುವುದು ನಿಲ್ಲುವುದಿಲ್ಲ. ಹೀಗೆ ವರ್ಷಗಟ್ಟಲೆ ಸೋಮವಾರ ಅವರ ಎದುರಿಗೆ ಕೂತು ಉಂಡೆ.

ಎಂಬತ್ತರ ದಶಕದ ಮೊದಲಿಗೆ ಒಂದು ಸೋಮವಾರ ಅವರು ಬಚ್ಚಲಲ್ಲಿ ತಲೆ ತಿರುಗಿ ಬಿದ್ದರು. ನಾನೇ ಗಂಜಿ ಕುಡಿಸಿದೆ. ಅವತ್ತು ಧೈರ್ಯ ಮಾಡಿದೆ. "ನಾ ಹೊತ್ತಿಗೆ ಸರಿಯಾಗಿ ಉಣ್ಣೋದ್ರಿಂದ ಆರಾಮ ಐತಿ ಅಂತ ಕಾಣತೈತ್ರಿ ಅತ್ತಿ. ನೀವು ಇನ್ನ ಉಪಾಸ ಬಿಡ್ರಿ."

ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಅವರನ್ನು ನೋಡಿಕೊಳ್ಳುತ್ತ ಬೆಳತನಕ ನಿದ್ದೆಗೆಟ್ಟಿದ್ದೆ. ಮರುದಿನ ಮಧ್ಯಾಹ್ನ ನನಗೆ ತಲೆ ಸಿಡಿಯಿತು. ಒಳಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತು ಅತ್ತೆ ನೋಡಿದರು.

"ಬಂತಲ್ಲವಾ. ನಾ ಗಂಜಿ ಕುಡದದ್ದಕ್ಕ ಬಂತು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಮುಂದಿನ ಸೋಮವಾರದಿಂದ ಮತ್ತೆ ಹಿಡಿದರು. ಇನ್ನೂ ನಾಲ್ಕು ವರ್ಷ ಬದುಕಿದ್ದರು. ಒಂದು ವಾರವೂ ತಪ್ಪಿಸಲಿಲ್ಲ.

ಎಷ್ಟೋ ಕಾಲದ ಮೇಲೆ, ಡಾಕ್ಟರಾಗಿರುವ ನನ್ನ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿದೆ.

"ಉಪಾಸ, ನಿದ್ದಿಗೇಡು, ಹೊಗಿ, ಸಪ್ಪಳ ಎಲ್ಲಾ ಬ್ಯಾರೆ ಬ್ಯಾರೆ ಅನಸ್ತಾವ ದೊಡ್ಡವ್ವ," ಎಂದಳು. "ಆದ್ರ ಮೆದುಳಿನ ಒಳಗ ಇವೆಲ್ಲ ಮಾಡೋದು ಒಂದ ಕೆಲಸ ಇರಬಹುದು ಅಂತಾರ. ಅದಕ್ಕ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು. ಮೈಯೊಳಗ ಆಮ್ಲಜನಕ ಬಳಕಿ ಆಗೋವಾಗ ಕೆಡಿಸೋ ಕಣಗಳೂ ಹುಟ್ಟತಾವ. ಅವನ್ನ ತಣ್ಣಗ ಮಾಡೋ ಶಕ್ತಿ ಸಾಲದಾದಾಗ ನೋವು ಏಳಬಹುದು. ಇನ್ನೂ ಪೂರಾ ಗೊತ್ತಾಗಿಲ್ಲ." ಆಮೇಲೆ ಕೇಳಿದಳು, "ನಿಮ್ಮ ಅತ್ತಿಯವರಿಗೆ ಯಾರೂ ತಿಳಿಸಿ ಹೇಳಲಿಲ್ಲೇನು?"

"ಹೇಳಿದ್ದೆ. ಆಕಿ ಕೇಳಲಿಲ್ಲ," ಎಂದೆ.

ಒಂದೇ ಒಂದು ಸಲ ಹೇಳಿದ್ದೆ, ಅದೂ ಅಳುಕುತ್ತ. ಅಷ್ಟನ್ನು ಅವಳಿಗೆ ಹೇಳಲಿಲ್ಲ.